ಎಲ್ಲರ ಫೋನಿನಲ್ಲೂ ದಾಕ್ಷಾಯಣಮ್ಮನ ನಗು

ಗೊರವನಹಳ್ಳಿಗೆ ಹೋಗುವ ಶುಕ್ರವಾರದ ಬಸ್ಸಿನಲ್ಲಿ ದಾಕ್ಷಾಯಣಮ್ಮ ಮೂಗಿಯಾದಳು. ಕಂಡಕ್ಟರು ಬಂದು "ಎಲ್ಲಿಗಮ್ಮ?" ಎಂದಾಗ ಆಧಾರ್ ಕಾರ್ಡು ಚಾಚಿ, ಮಡಿಲಲ್ಲಿದ್ದ ಹೂವಿನ ಕವರು ತೋರಿಸಿ, ಬರೀ ತಲೆಯಾಡಿಸಿದಳು.

"ಗೊರವನಹಳ್ಳಿನಾ? ಬಾಯ್ಬುಟ್ಟು ಹೇಳಕ್ಕೇನಮ್ಮ ಕಷ್ಟ?"

"ಪಾಪ, ಮಾತು ಬರಾಕಿಲ್ಲ ಅನ್ಸುತ್ತೆ, ಬುಡಿ ಸಾರ್," ಎಂದು ಪಕ್ಕದ ಹೆಂಗಸು ಅವಳ ಪರವಾಗಿ ಹೇಳಿ ಫ್ರೀ ಟಿಕೆಟ್ಟು ಇಸಿದುಕೊಂಡು ಕೊಟ್ಟಳು.

ಬಾಯಿ ಬಿಟ್ಟಿದ್ದರೆ ಕೆಡುತ್ತಿತ್ತು. ಮಧುಗಿರಿ ಸುತ್ತಿನಲ್ಲಿ ದಾಕ್ಷಾಯಣಮ್ಮನ ಮುಖ ಬಲ್ಲವರು ಕಡಿಮೆ, ಗಂಟಲು ಗೊತ್ತಿಲ್ಲದವರಿಲ್ಲ. ಒಂದು ಮಾತಾಡಿದರೂ ಸಾಕು, "ಅಯ್ಯೋ, ರೇಡಿಯೋ ಅಕ್ಕ!" ಎಂದು ಇಡೀ ಬಸ್ಸು ತಿರುಗಿ ಕೂರುತ್ತಿತ್ತು. ಹಿಂದೆಲ್ಲ ಅದು ಅವಳಿಗೆ ಹಬ್ಬ. ಈಗ ಮುಂದಿನ ಸೀಟಿನವನು ಫೋನು ಜೋರಾಗಿ ಇಟ್ಟು ಅದೇ ತುಣುಕನ್ನು ಕೇಳುತ್ತಿದ್ದ. ಗಂಡಸಿನ ಧ್ವನಿಯೊಂದು ತೊದಲುತ್ತಿತ್ತು, "ಅಮ್ಮ... ಅಮ್ಮಣ್ಣಿ... ಎಲ್ಲೋಯ್ತು... ನನ್ ನಾಲ್ಗೆ ಎಲ್ಲೋಯ್ತು..." ಅದರ ಹಿಂದೆಯೇ ಹೆಂಗಸೊಬ್ಬಳು ಹೇಳುತ್ತಿದ್ದಳು, "ಗಡಂಗಲ್ಲೇ ಬಿಟ್ಟು ಬಂದಿರ್ತೀಯ, ಹುಡುಕ್ಕೊಂಡು ಬಾ ಹೋಗು ತಿಮ್ಮಜ್ಜ!" ಆಮೇಲೆ ನಗು. ಹೊಟ್ಟೆಯಿಂದ ಎದ್ದು, ಉಸಿರು ಸಿಕ್ಕಿಹಾಕಿಕೊಂಡು, ಕೊನೆಗೆ ಕೆಮ್ಮಾಗುವ ನಗು. ಬಸ್ಸಿಗೆ ಬಸ್ಸೇ ಅದರ ಜೊತೆ ನಕ್ಕಿತು. ಮೂಗಿಯೆಂದು ಕರುಣೆ ತೋರಿಸಿದ ಹೆಂಗಸೂ ಸೆರಗು ಬಾಯಿಗಿಟ್ಟುಕೊಂಡು ಕುಲುಕಿದಳು.

ಆ ನಗು ದಾಕ್ಷಾಯಣಮ್ಮನದು. ಆ ತೊದಲು ಬೊಮ್ಮಪ್ಪನದು. ಅದು ಅವನಿಗೆ ಲಕ್ವ ಹೊಡೆಯುತ್ತಿದ್ದ ಗಳಿಗೆ.

ಮೊದಲು ಅವಳಿಗೆ ನಾಚಿಕೆಯಾಗಿತ್ತು. ನಾಚಿಕೆ ಕೆಲವು ದಿನಕ್ಕೆ ಸವೆದುಹೋಯಿತು. ಆಮೇಲೆ ಬಂದು ಕೂತದ್ದು ಹೇಸಿಗೆ, ಅದು ಎದ್ದು ಹೋಗಲಿಲ್ಲ. ಕಾಫಿ ಲೋಟದ ಅಂಚು ಬಾಯಿಗೆ ತಾಗಿದರೂ ಯಾರೋ ಎಂಜಲು ಮಾಡಿಟ್ಟಂತೆ ಅನ್ನಿಸುತ್ತಿತ್ತು. ಬಸ್ಸು ಕೊರಟಗೆರೆ ದಾಟುವಷ್ಟರಲ್ಲಿ ಮಹಾಲಕ್ಷ್ಮಿಯ ಹೆಸರೂ ಬಾಯಿಗೆ ಬಾರದೆ ಬರೀ ಹುಳಿ ನೀರು ಬಂತು.

ದಾಕ್ಷಾಯಣಮ್ಮ ಪೇಟೆಬೀದಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿರುವ ರುದ್ರಮುನಿಯ ಹೆಂಡತಿ. ಊರಿನ ಟ್ರಸ್ಟಿನವರು ಜೇನುಗಿರಿ ಬಾನುಲಿ ಎಂಬ ಸಣ್ಣ ರೇಡಿಯೋ ಕೇಂದ್ರ ತೆರೆದ ವರ್ಷ, ಟೀ ಕಾಯಿಸುವ ಡಬರಿ ಕೊಳ್ಳಲು ಅಂಗಡಿಗೆ ಬಂದಿದ್ದರು. ಅವಳು ಕುಕ್ಕರಿನ ಗಿರಾಕಿಯೊಬ್ಬಳ ಜೊತೆ ಚೌಕಾಸಿಗೆ ನಿಂತಿದ್ದಳು. ಬಯ್ಯುತ್ತಲೇ ನಗಿಸಿ, ನಗಿಸುತ್ತಲೇ ಕುಕ್ಕರು ಕಟ್ಟಿಕೊಟ್ಟಳು. ಡಬರಿಗೆ ಬಂದವರು ಡಬರಿಯ ಜೊತೆಗೆ ಅವಳನ್ನೂ ಒಪ್ಪಿಸಿಕೊಂಡು ಹೋದರು. ಹುಟ್ಟಿದ ಮನೆಯಲ್ಲಿ ಅಪ್ಪ ರೇಣುಕಯ್ಯ ಕಲಿಸಿದ ನಾಟಕದ ಹಾಡುಗಳು ಹೇಗೂ ಗಂಟಲಲ್ಲಿದ್ದವು. ಹಾಗೆ ಶುರುವಾಯಿತು 'ಶನಿವಾರದ ಚಾವಡಿ'. ಒಂದು ಗಂಟೆ ಹಾಡು, ನಾಟಕದ ತುಣುಕು, ನಗೆಚಾಟಿಕೆ. ಹತ್ತು ಹನ್ನೊಂದು ವರ್ಷ ಒಂದು ಶನಿವಾರವೂ ತಪ್ಪಲಿಲ್ಲ. ಮಗಳ ನಿಶ್ಚಿತಾರ್ಥದ ದಿನವೂ ಹೂವು ಮುಡಿದುಕೊಂಡೇ ಬಂದು ಮೈಕಿನ ಮುಂದೆ ಕೂತಿದ್ದಳು. ಬೆಟ್ಟದ ಸುತ್ತಿನವರು ರೇಡಿಯೋದಲ್ಲಿ ಕೇಳುತ್ತಿದ್ದರು, ಟವರು ಎಟುಕದ ಕಡೆಯವರು ಫೋನಿನ ಆ್ಯಪಿನಲ್ಲಿ. ವೈ.ಎನ್.ಹೊಸಕೋಟೆಯಿಂದ ಒಬ್ಬಾಕೆ ತಪ್ಪದೆ ಫೋನು ಮಾಡುತ್ತಿದ್ದಳು, "ಏಮಕ್ಕಾ, ತಿಮ್ಮಜ್ಜ ವಚ್ಚಾಡಾ? ಅವ್ನು ಬಂದ್ ಮ್ಯಾಲೇ ನಾನು ಒಲೆ ಹಚ್ಚೋದು!"

ತಿಮ್ಮಜ್ಜ ಎಂದರೆ ಬೊಮ್ಮಪ್ಪ ಕಟ್ಟಿದ ಕುಡುಕ. ಬೊಮ್ಮಪ್ಪ ದೊಡ್ಡೇರಿ ಕಡೆಯ ರೈತ. ಊರೂರಿನ ಪೌರಾಣಿಕ ನಾಟಕಗಳಲ್ಲಿ ಹಾಸ್ಯದ ಪಾತ್ರ ಅವನದೇ. ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವನಲ್ಲ. ಅವನ ಕುಡುಕ ತೂರಾಡುತ್ತಿರಲಿಲ್ಲ, ಬಡಬಡಿಸುತ್ತಿರಲಿಲ್ಲ. ಕುಡಿದಷ್ಟೂ ಮರ್ಯಾದಸ್ಥನಾಗುತ್ತಿದ್ದ. ಲೈಟು ಕಂಬಕ್ಕೆ ಡಿಕ್ಕಿ ಹೊಡೆದು, "ಎಲೈ ಮಹಾರಾಜಾ, ತಾವು ಒಂಚೂರು ಪಕ್ಕಕ್ಕೆ ಸರಿದರೆ ಈ ಬಡವ ಮನೆ ಸೇರುವನು," ಎಂದು ಕೈಮುಗಿಯುತ್ತಿದ್ದ. ಕಂಬ ಸರಿಯದಿದ್ದಾಗ ಕಣ್ಣೀರಿಡುತ್ತಿದ್ದ. ಅತ್ತಿಗೆಯಾಗಿ ದಾಕ್ಷಾಯಣಮ್ಮ ಅವನನ್ನು ಮನೆಗೆ ಎಳೆದುಕೊಂಡು ಹೋಗಬೇಕು. ಪ್ರತಿ ವಾರ ಅವನು ಹೊಸದೊಂದು ಸೇರಿಸುತ್ತಿದ್ದ, ಅವಳಿಗೆ ಮೊದಲೇ ಹೇಳುತ್ತಿರಲಿಲ್ಲ. ಆದ್ದರಿಂದ ಅವಳ ನಗು ಯಾವತ್ತೂ ನಿಜವಾದದ್ದು. ಬೇರೆ ಕಡೆಯಂತೆ ನಗುವನ್ನು ಮಿಷನ್ನಿನಿಂದ ಸೇರಿಸುವ ಪದ್ಧತಿ ಚಾವಡಿಗೆ ಇರಲಿಲ್ಲ.

ನಾಟಕದವರದ್ದು ಒಂದು ಕಟ್ಟಳೆಯಿತ್ತು. ತಿಮ್ಮಜ್ಜ ಬರುವ ಮೊದಲು ಹಾರ್ಮೋನಿಯಂ ಮೇಷ್ಟ್ರು ಕಾಡಸಿದ್ದಪ್ಪ ಒಂದೇ ಒಂದು ಸ್ವರ ಹಿಡಿದು ನಿಲ್ಲಿಸಬೇಕು. ಸ್ವರ ಕೇಳಿಸಿತೆಂದರೆ ಹಾಸ್ಯ ಶುರು. ಎದುರಿಗಿದ್ದವರು ಸಿದ್ಧವಾಗಬೇಕು.

ಆ ಶನಿವಾರ ಬೊಮ್ಮಪ್ಪ ಕೇಳುಗರ ಹುಟ್ಟುಹಬ್ಬದ ಹೆಸರು ಓದುತ್ತಿದ್ದ. ಮಧ್ಯದಲ್ಲಿ ನಾಲಿಗೆ ಹೊರಳಿತು. ಹೆಸರು ಹೇಳಲು ಹೋಗಿ ಇನ್ನೇನೋ ಹೇಳಿದ. ಕಾಡಸಿದ್ದಪ್ಪ ಮೇಷ್ಟ್ರು ಬೆಚ್ಚಿಬಿದ್ದರು. ಅಯ್ಯೋ, ಬೊಮ್ಮಪ್ಪ ಆಗಲೇ ಶುರುಮಾಡಿಬಿಟ್ಟ, ತಾನು ಸ್ವರ ಕೊಡುವುದನ್ನು ಮರೆತೆ ಎಂದುಕೊಂಡು ಅವಸರದಲ್ಲಿ ಒತ್ತಿಬಿಟ್ಟರು. ಸ್ವರ ಎದ್ದಿತು. ಅಷ್ಟಾದ ಮೇಲೆ ಅವನು ಏನು ಹೇಳಿದರೂ ಅದು ನಾಟಕವೇ. ಇವತ್ತು ಹೊಸದೇನೋ ತಂದಿದ್ದಾನೆ ಎಂದು ದಾಕ್ಷಾಯಣಮ್ಮ ಮುಂದಕ್ಕೆ ಬಾಗಿದಳು. ಬೊಮ್ಮಪ್ಪ ನಾಲಿಗೆ ಎಲ್ಲಿ ಹೋಯಿತೆಂದು ಅವಳನ್ನೇ ಕೇಳಿದ. ಅವಳು ಗಡಂಗಿನ ಮಾತಾಡಿದಳು, ನಕ್ಕಳು. ಅವನು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಬಾಯಿಯ ಒಂದು ತುದಿಯಿಂದ ಜೊಲ್ಲು ಇಳಿದು ಅಂಗಿಯ ಮೇಲೆ ಬಿತ್ತು. ಆಗಲೂ ಅವಳು ಒಂದು ಕ್ಷಣ ಮೆಚ್ಚಿದಳು, ರೇಡಿಯೋಗೆ ಕಾಣದಿದ್ದರೂ ಎಷ್ಟು ಮಾಡ್ತಾನಪ್ಪ ಇವನು ಎಂದು. ಕುರ್ಚಿ ಉರುಳಿದ ಮೇಲೆ ಗೊತ್ತಾಯಿತು.

ಕೇಳುಗರಿಗೆ ಕುರ್ಚಿ ಕಾಣಲಿಲ್ಲ. ಅವರಿಗೆ ಕೇಳಿಸಿದ್ದು ತಿಮ್ಮಜ್ಜನ ಹೊಸ ಅವತಾರ. ಬೊಮ್ಮಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಆ ತುಣುಕು ಶಿರಾದಿಂದ ಪಾವಗಡದವರೆಗೆ ಫೋನಿಂದ ಫೋನಿಗೆ ಹಾರಿತ್ತು.

ಬಸ್ಸಿನಲ್ಲಿ ಮೂಗಿಯಾದ ಆ ಶುಕ್ರವಾರವೇ, ಗೊರವನಹಳ್ಳಿಯಿಂದ ಬಂದವಳನ್ನು ಕೇಂದ್ರದ ಹೊಸ ಮ್ಯಾನೇಜರ್ ಚೇತನ್ ಕುಮಾರ್ ಕರೆಸಿದ. ಮೊದಲು ಮದುವೆ ಸಮಾರಂಭಗಳಿಗೆ ಸೌಂಡು ಲೈಟು ಒದಗಿಸುತ್ತಿದ್ದವನು. ಮಾತಾಡುವಾಗ ಬೈಕಿನ ಕೀಲಿಯನ್ನು ಕಿವಿಗೆ ಹಾಕಿ ತಿರುಗಿಸುವುದು ಅವನ ಅಭ್ಯಾಸ. ತೆಗೆದು ತುದಿ ನೋಡಿ, ಮೈಕು ಒರೆಸುವ ಬಟ್ಟೆಗೇ ಒರೆಸುತ್ತಿದ್ದ.

"ಮೇಡಂ, ನಾಳೆ ಬಿಟ್ಟು ಮುಂದಿನ ಶನಿವಾರ ನಮ್ಮ ಚಾವಡಿ ವಾರ್ಷಿಕೋತ್ಸವ. ಸಮುದಾಯ ಭವನದಲ್ಲಿ ಲೈವ್. ಶಿರಾ ರೋಡಿನ ಫ್ಯಾಮಿಲಿ ರೆಸ್ಟೋರೆಂಟ್‌ನೋರು ಸ್ಪಾನ್ಸರ್. ಒಂದೇ ಕಂಡೀಷನ್ನು, 'ಎಲ್ಲೋಯ್ತು ನನ್ ನಾಲ್ಗೆ' ಪ್ಲೇ ಆಗ್ಬೇಕು. ಆಮೇಲೆ ಬೊಮ್ಮಪ್ಪೋರನ್ನ ಸ್ಟೇಜಿಗೆ ಕರ್ಕೊಂಡು ಬಂದು ಶಾಲು, ಹಾರ. ಜನ ಎದ್ದು ನಿಂತ್ಕೊಂಡು ಚಪ್ಪಾಳೆ ಹೊಡೀತಾರೆ ನೋಡಿ."

"ಅದು ಲಕ್ವ ಕಣಪ್ಪ ಚೇತನ್. ನಾಟಕ ಅಲ್ಲ."

"ನಮಗೆ ಗೊತ್ತು ಮೇಡಂ. ಜನಕ್ಕೆ ಗೊತ್ತಾ?" ಕೀಲಿ ಇನ್ನೊಂದು ಕಿವಿಗೆ ಹೋಯಿತು. "ಇಷ್ಟು ವರ್ಷ ನೀವು ಪ್ರೋಗ್ರಾಂ ಮಾಡಿದ್ರಲ್ಲ, ಒಂದಾದ್ರೂ ಇಷ್ಟು ಓಡಿತ್ತಾ? ಇದು ಗೋಲ್ಡು. ಅವರ ಮನೆಯೋರನ್ನ ಒಪ್ಸೋದು ನಿಮ್ ಕೆಲ್ಸ. ನಿಮ್ಮಾತು ಕೇಳ್ತಾರೆ."

ಮೇಜಿನ ಮೇಲೆ ಬ್ಯಾನರಿನ ಮಾದರಿಯಿತ್ತು. ಬೊಮ್ಮಪ್ಪನ ಮುಖಕ್ಕೆ ಕಂಪ್ಯೂಟರಿನಲ್ಲಿ ನಾಲಿಗೆ ಎಳೆದು ಉದ್ದ ಮಾಡಿದ್ದರು. ದಾಕ್ಷಾಯಣಮ್ಮ ಎದ್ದು ಹೊರಗೆ ಬಂದು ನಲ್ಲಿಯಲ್ಲಿ ಕೈ ತೊಳೆದಳು. ಏನನ್ನೂ ಮುಟ್ಟಿರಲಿಲ್ಲ, ಆದರೂ ತೊಳೆದಳು.

ಭಾನುವಾರ ಒಂದು ಡಬ್ಬಿ ಮೆತ್ತಗಿನ ರವೆ ಪಾಯಸ ಕಟ್ಟಿಕೊಂಡು ದೊಡ್ಡೇರಿಗೆ ಹೋದಳು. ಬೊಮ್ಮಪ್ಪ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಹೆಂಡತಿ ಮುದ್ದಕ್ಕ ರಾಗಿ ಅಂಬಲಿ ಕುಡಿಸುತ್ತಿದ್ದಳು. ಹೆಗಲ ಮೇಲೊಂದು ಬಟ್ಟೆ, ಗುಟುಕಿಗೊಂದು ಸಲ ಬಾಯಿ ಒರೆಸಲು.

"ಬಾ ದಾಕ್ಷಾಯಣಕ್ಕ," ಎಂದಳು ಮುದ್ದಕ್ಕ, ಲೋಟ ಇಳಿಸದೆ. "ರೇಡಿಯೋದಿಂದ ಬಂದ್ಯೋ, ಮನೆಯಿಂದ ಬಂದ್ಯೋ?"

"ಮನೆಯಿಂದ ಮುದ್ದಕ್ಕ."

"ಅಂಗಾರೆ ಕುಂತ್ಕ." ಬಟ್ಟೆ ಮಡಚಿ ಒಣಗಿದ ಕಡೆ ತಿರುಗಿಸಿಕೊಂಡಳು. "ಡೈರಿಗೆ ಹಾಲಾಕಕ್ಕೆ ನಾನೇ ಹೋಗಾದು ಈಗ. ಅಲ್ಲೂ ಅದ್ನೇ ಹಾಕ್ಕಂಡಿರ್ತಾರೆ. ನನ್ ಮಕ ಕಾಣ್ತಿದ್ದಂಗೆ ಆರಿಸ್ತಾರೆ. ಕ್ಯಾನು ತಗಂಡು ಬೆನ್ನು ತಿರುಗಿಸಿದ್ರೆ ಸಾಕು, ಮತ್ತೆ ಹಚ್ತಾರೆ. ಥೂ, ಎಮ್ಮೆ ಸಗಣಿ ಬಾಚೋವಾಗ ಇಷ್ಟು ಅಸಹ್ಯ ಆಗ್ಲಿಲ್ಲ ಕಣಕ್ಕ ನಂಗೆ ಯಾವತ್ತೂ."

"ನಾನೂ ನಕ್ಕಿದೀನಲ್ಲ ಅದರಲ್ಲಿ."

"ನಿಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ದೋರ ಮಾತಾಡ್ತಾ ಇವ್ನಿ ನಾನು."

ವಾರ್ಷಿಕೋತ್ಸವದ ಸಂಗತಿಯನ್ನು ದಾಕ್ಷಾಯಣಮ್ಮ ಮುಚ್ಚಿಡದೆ ಹೇಳಿದಳು. ಬೊಮ್ಮಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಮಾತು ಅವನಿಗೆ ಬರುತ್ತಿತ್ತು, ಒಂದೊಂದೇ, ಕೆಸರಿನಿಂದ ಕಾಲು ಕಿತ್ತಂತೆ.

"ಅದು... ನಾನಲ್ಲ ಅಮ್ಮಣ್ಣಿ."

"ಗೊತ್ತು ಬೊಮ್ಮಣ್ಣ."

"ನಿಂಗ್ ಗೊತ್ತಿಲ್ಲ." ಚೆನ್ನಾಗಿದ್ದ ಕೈಯಿಂದ ನೆಲ ಬಡಿದ. "ಕುಡುಕ... ನಾಲ್ಗೆ ಎಲ್ಲೋಯ್ತು ಅನ್ನಲ್ಲ. ಅವ್ನಿಗೆ ಗೊತ್ತೇ ಆಗಲ್ಲ... ಹೋಗಿರಾದು. ಆ ಮಾತು ತಪ್ಪು. ತಿಮ್ಮಜ್ಜಂಗೆ... ಒಪ್ಪಲ್ಲ." ಉಸಿರು ಎಳೆದುಕೊಂಡ. "ಇಷ್ಟು ವರ್ಷ... ಬೆವ್ರು ಸುರ್ಸಿ ಮಾಡ್ದೆ. ಯಾವನೂ ಫೋನ್ನಾಗೆ ಇಟ್ಕಳ್ಲಿಲ್ಲ. ರಕ್ತ ಹೆಪ್ಪುಗಟ್ಟಿದ್ನ... ಇಟ್ಕಂಡವ್ರೆ."

ಮುದ್ದಕ್ಕ ಬಾಯಿ ಒರೆಸಲು ಹೋದಾಗ ಬಟ್ಟೆಯನ್ನು ತಳ್ಳಿದ.

"ಅದನ್ನ ಹಾಕ್ಬ್ಯಾಡಿ. ನಂದು... ನಾನು ಮಾಡಿದ್ದು ಒಂದು ಹಾಕು. ಕಂಬದ್ದು. ಇಲ್ಲಾ ಬಾವಿಗೆ... ನಮಸ್ಕಾರ ಹೇಳಾದು. ಜನ ಅದಕ್ಕೆ ನಗ್ಲಿ."

"ಆಯ್ತು ಬೊಮ್ಮಣ್ಣ, ಹಾಕಿಸ್ತೀನಿ," ಎಂದು ದಾಕ್ಷಾಯಣಮ್ಮ ಮಾತು ಕೊಟ್ಟಳು. ಬರುವಾಗ ಬಸ್ಸಿನಲ್ಲಿ ಯಾವುದು ಒಳ್ಳೆಯದೆಂದು ಆರಿಸುತ್ತ ಬಂದಳು. ಮಳೆಗಾಲದಲ್ಲಿ ಮಾಡಿದ್ದು ಚೆನ್ನಾಗಿತ್ತು, ಮಧ್ಯೆ ನೆಗಡಿಯ ಸೀನು ಬಂದರೂ ಅದನ್ನೂ ತಿಮ್ಮಜ್ಜನ ಲೆಕ್ಕಕ್ಕೇ ಹಾಕಿಬಿಟ್ಟಿದ್ದ.

ಸೋಮವಾರ ಕೇಂದ್ರಕ್ಕೆ ಹೋಗಿ ಹಳೆಯ ಚಾವಡಿಗಳನ್ನು ಕೇಳಿದಳು. ಚೇತನ್ ಕುಮಾರ್ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

"ಹಳೇದೆಲ್ಲ ಇಲ್ಲ ಮೇಡಂ. ಸಿಸ್ಟಂ ಫುಲ್ಲಾಗಿತ್ತು, ಹ್ಯಾಂಗ್ ಆಗ್ತಿತ್ತು. ಯುಗಾದಿಗೆ ಎಲ್ಲಾ ಕ್ಲೀನ್ ಮಾಡಿಸ್ದೆ."

"ಕ್ಲೀನಾ?"

"ಡಿಲೀಟು."

"ಅಷ್ಟೂ ವರ್ಷದ್ದಾ?"

"ಯಾರು ಕೇಳ್ತಾರೆ ಮೇಡಂ ಹಳೇದು? ಇದೊಂದು ಇದೆಯಲ್ಲ, ಸೇಫಾಗಿದೆ. ಎರಡು ಕಡೆ ಕಾಪಿ ಇಟ್ಟಿದೀನಿ."

ಅವಳಿಗೆ ಕೂಗಾಡಬೇಕೆನ್ನಿಸಲಿಲ್ಲ. ಈ ಕೋಣೆಯ ಗಾಳಿಯನ್ನು ಒಳಗೆ ಎಳೆದುಕೊಳ್ಳಬಾರದು ಅನ್ನಿಸಿತು, ಅಷ್ಟೇ. ಮೈಕಿನ ಸ್ಪಂಜಿನಲ್ಲಿ ನೂರು ಬಾಯಿಯ ವಾಸನೆ. ತಿಮ್ಮಜ್ಜ ಕೈಮುಗಿದ ಕಂಬ, ಬಾವಿ, ಹೊಸಕೋಟೆಯಾಕೆಯ ಒಲೆ, ಎಲ್ಲವನ್ನೂ ಗುಡಿಸಿ ಹಾಕಿ, ಜೊಲ್ಲು ಬಿದ್ದ ಗಳಿಗೆಯೊಂದನ್ನು ಎರಡು ಕಡೆ ಜೋಪಾನ ಮಾಡಿದ್ದರು.

ಕಾಡಸಿದ್ದಪ್ಪ ಮೇಷ್ಟ್ರ ಹತ್ತಿರ ಹೋದಳು. ಅವರ ಹತ್ತಿರವೂ ಏನೂ ಇರಲಿಲ್ಲ. ಟ್ರಸ್ಟಿನ ಅಧ್ಯಕ್ಷರು ಫೋನಿನಲ್ಲಿ, "ಚೇತನ್ ನೋಡ್ಕೋತಾನಮ್ಮ," ಎಂದು ಇಟ್ಟುಬಿಟ್ಟರು. ಮನೆಯಲ್ಲಿ ರುದ್ರಮುನಿ ತಟ್ಟೆಗೆ ಬಡಿಸಿಕೊಂಡು ಕಾದಿದ್ದ.

"ನಾನು ಹೋಗಲ್ಲ ಶನಿವಾರ," ಎಂದಳು.

"ಬಿಡು, ಹೋಗ್ಬೇಡ."

"ನಾನು ಹೋಗ್ದಿದ್ರೆ ಇನ್ನೊಬ್ರ ಕೈಲಿ ಹಾಕಿಸ್ತಾರೆ. ಹಾಕೋದಂತೂ ಹಾಕ್ತಾರೆ."

"ಹಂಗಾದ್ರೆ ಹೋಗು. ಮೊದ್ಲು ಊಟ ಮಾಡು, ಸಾರು ಆರಿಹೋಯ್ತು."

ಅವನು ಹಾಗೆಯೇ. ಅವನ ಮಾತಿನಿಂದ ಯಾವುದೂ ಬಗೆಹರಿಯುತ್ತಿರಲಿಲ್ಲ, ಊಟ ಮಾತ್ರ ಒಳಗೆ ಇಳಿಯುತ್ತಿತ್ತು.

ಶನಿವಾರ ಸಮುದಾಯ ಭವನ ತುಂಬಿತ್ತು. ಬೊಮ್ಮಪ್ಪ ಬಂದಿರಲಿಲ್ಲ. "ನನ್ ಗಂಡನ್ನ ತೇರು ಮಾಡಿ ಎಳೆಯಾಕೆ ನಾನು ಬುಡಾಕಿಲ್ಲ," ಎಂದು ಮುದ್ದಕ್ಕ ಹೇಳಿಕಳಿಸಿದ್ದಳು. ಖಾಲಿ ಕುರ್ಚಿಯ ಮೇಲೆ ಶಾಲು ಹಾರ ಇಟ್ಟಿದ್ದರು. ಬಾಗಿಲ ಬಳಿ ಉದ್ದ ನಾಲಿಗೆಯ ಬ್ಯಾನರು. ಅದರ ಮುಂದೆ ನಿಂತು ಜನ ತಾವೂ ನಾಲಿಗೆ ಚಾಚಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಒಬ್ಬಾಕೆ ಮಗುವಿನ ಗಲ್ಲ ಹಿಡಿದು, "ಪುಟ್ಟಾ, ನಾಲ್ಗೆ ಎಲ್ಲೋಯ್ತು? ಆ... ಅನ್ನು," ಎಂದು ಕಲಿಸುತ್ತಿದ್ದಳು. ಒಳಗೆ ಉಪ್ಪಿಟ್ಟಿನ ಒಗ್ಗರಣೆ ಸೀದು ಎಣ್ಣೆ ಕಮಟು ಹೊಡೆಯುತ್ತಿತ್ತು.

ಹಾಡುಗಳಾದವು. ನಾಟಕದ ಒಂದು ಸೀನಾಯಿತು. ಹಿಂದಿನ ಸೌಂಡ್ ಬಾಕ್ಸಿನಿಂದ ಚೇತನ್ ಕುಮಾರ್ ಹೆಬ್ಬೆರಳೆತ್ತಿದ. ಈಗ ಅವಳು, "ಇನ್ನು ನೀವೆಲ್ಲ ಕಾಯ್ತಿರೋ ತಿಮ್ಮಜ್ಜ!" ಎನ್ನಬೇಕಿತ್ತು.

ದಾಕ್ಷಾಯಣಮ್ಮ ಮೈಕನ್ನು ಹತ್ತಿರ ಎಳೆದುಕೊಂಡಳು. ಕೇಳುಗರಿಗೆ ಅಡುಗೆ ಹೇಳಿಕೊಡುವ ಧ್ವನಿಯಲ್ಲೇ ಹೇಳಿದಳು.

"ಈಗ ಒಂದು ತುಣುಕು ಹಾಕ್ತಾರೆ. ನಿಮ್ಮೆಲ್ರ ಫೋನಲ್ಲೂ ಇದೆ. ಇದು ತಿಮ್ಮಜ್ಜ ಅಲ್ಲ. ಇದು ನಮ್ಮ ಬೊಮ್ಮಣ್ಣನಿಗೆ ಲಕ್ವ ಹೊಡೆದಾಗಿನ ಮಾತು. ನಾಲಿಗೆ ಎಲ್ಲೋಯ್ತು ಅಂತ ಅವರು ನನ್ನ ನಿಜವಾಗ್ಲೂ ಕೇಳಿದ್ರು. ನಂಗೆ ತಿಳೀಲಿಲ್ಲ, ನಕ್ಕೆ. ನಿಮಗೂ ತಿಳಿದಿರ್ಲಿಲ್ಲ. ಈಗ ತಿಳೀತು. ಇನ್ನು ಕೇಳಿ."

ಚೇತನ್ ಕುಮಾರ್ ತುಣುಕನ್ನು ಮೊದಲೇ ಕೇಳಿ ಸಜ್ಜು ಮಾಡಿಕೊಳ್ಳಲು ಕಿವಿಗೆ ಹೆಡ್‌ಫೋನು ಹಾಕಿಕೊಂಡಿದ್ದ. ಅವಳು ಸುಮ್ಮನಾದದ್ದಷ್ಟೇ ಅವನಿಗೆ ಕಂಡದ್ದು. ಒತ್ತಿದ.

ಬೊಮ್ಮಪ್ಪನ ತೊದಲು ದೊಡ್ಡ ಸ್ಪೀಕರುಗಳಿಂದ ಹೊರಟು ಭವನದ ಗೋಡೆಗೆ ಬಡಿಯಿತು. ಯಾರೂ ನಗಲಿಲ್ಲ. ಗಡಂಗಿನ ಮಾತು ಬಂತು. ಆಮೇಲೆ ಅವಳ ನಗು ಬಂತು. ತುಂಬಿದ ಭವನದಲ್ಲಿ ಅದೊಂದೇ ನಗು, ಹೊಟ್ಟೆಯಿಂದ ಎದ್ದು, ಉಸಿರು ಸಿಕ್ಕಿಹಾಕಿಕೊಂಡು, ಕೆಮ್ಮಾಗುವವರೆಗೆ. ದಾಕ್ಷಾಯಣಮ್ಮ ಅಲ್ಲಾಡದೆ ನಿಂತು ಪೂರ್ತಿ ಕೇಳಿದಳು. ಕಾಡಸಿದ್ದಪ್ಪ ಮೇಷ್ಟ್ರು ಹಾರ್ಮೋನಿಯಂ ತಿದಿಯನ್ನು ಮುಚ್ಚಿ ಕೊಂಡಿ ಹಾಕಿದರು.

ಜನ ಮನಸ್ಸು ಕರಗಿ ಕಣ್ಣೊರೆಸಿಕೊಂಡರು ಎಂದು ಯಾರೂ ಭಾವಿಸಬೇಕಿಲ್ಲ. ಅವರು ಚಪ್ಪಲಿ ಹುಡುಕುತ್ತ ಎದ್ದರು. ಉಪ್ಪಿಟ್ಟಿನ ಸಾಲಿನಲ್ಲಿ ರೇಷ್ಮೆ ಸೀರೆಯವಳೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು, "ಇದನ್ನೆಲ್ಲ ಹೇಳ್ಬೇಕಿತ್ತೇನ್ರಿ? ಒಂದು ದಿನ ನಕ್ಕು ಹೋಗೋಣ ಅಂತ ಬಂದ್ರೆ..." ರೆಸ್ಟೋರೆಂಟಿನವರು ಬ್ಯಾನರು ಬಿಚ್ಚಿ ಸುರುಳಿ ಸುತ್ತಿಕೊಂಡು ಹೋದರು. ಮರುದಿನಕ್ಕೆ ದಾಕ್ಷಾಯಣಮ್ಮ ಮೈಕಿನಲ್ಲಿ ಆಡಿದ ಮಾತಿಗೂ ಯಾರೋ ಡೋಲು ತಮಟೆ ಸೇರಿಸಿ 'ಲಕ್ವ ಆಂಟಿ' ಎಂದು ಫೋನಿಗೆ ಬಿಟ್ಟಿದ್ದರು. ಚೇತನ್ ಕುಮಾರನಿಂದ ಮೆಸೇಜು ಬಂತು, 'ನೆಕ್ಸ್ಟ್ ವೀಕಿಂದ ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಮೇಡಂ'. ಕೊನೆಯಲ್ಲಿ ಕೈಮುಗಿದ ಚಿತ್ರ.

ಹೀಗೆ ಮುಂದಿನ ಶನಿವಾರ ಅವಳಿಗೆ ಕೆಲಸವಿರಲಿಲ್ಲ. ದೊಡ್ಡೇರಿಗೆ ಹೋದಳು.

"ಮಾತು ಕೊಟ್ಟು ತಪ್ಪಿದೆ ಬೊಮ್ಮಣ್ಣ," ಎಂದಳು. "ನೀವು ಮಾಡಿದ್ದು ಒಂದೂ ಉಳಿದಿಲ್ಲ. ಎಲ್ಲಾ ಅಳಿಸಿಹಾಕಿದಾರೆ."

ಬೊಮ್ಮಪ್ಪ ಅಂಗಳದ ಕೋಳಿಗಳ ಕಡೆ ಮುಖ ತಿರುಗಿಸಿದ. ಬಯ್ಯುತ್ತಾನೆಂದುಕೊಂಡಳು. ಅಳುತ್ತಾನೆಂದುಕೊಂಡಳು.

"ನಿಂಗ್... ಬತ್ತದಲ್ಲ," ಎಂದ.

"ಏನು?"

"ಎದ್ರುಗೇ... ಕುಂತಿದ್ದಲ್ಲ ಅಷ್ಟು ವರ್ಷ. ಮಾಡು. ಕಂಬದ್ದು."

"ನಾನಾ? ಅಯ್ಯೋ, ನಂಗೆ ಅತ್ತಿಗೆ ಮಾತಷ್ಟೇ ಬರೋದು."

"ಮಾಡು ಅಂದ್ರೆ!"

ದಾಕ್ಷಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದಳು. ದನ ಕಟ್ಟುವ ಗೂಟದ ಮುಂದೆ ನಿಂತು, ಒಂದೆರಡು ಸಲ ತೂರಾಡಿ, "ಎಲೈ ಮಹಾರಾಜಾ..." ಎಂದು ಶುರುಮಾಡಿದಳು.

"ಥೂ!" ಎಂದ ಬೊಮ್ಮಪ್ಪ. ಲಕ್ವ ಹೊಡೆದ ಮೇಲೆ ಅಷ್ಟು ನೆಟ್ಟಗೆ ಒಂದು ಶಬ್ದ ಅವನ ಬಾಯಿಂದ ಬಂದಿರಲಿಲ್ಲ. "ತೂರಾಡ್ಬ್ಯಾಡ. ತೂರಾಡೋನು... ಕುಡುಕನಾ? ನೆಟ್ಟುಗ್ ನಿಂತ್ಕ. ನೆಟ್ಟುಗ್ ನಿಂತಿವ್ನಿ ಅಂತ... ಅನ್ಕ. ಕಾಲು ಕೇಳಬಾರ್ದು."

ಮತ್ತೆ ಮಾಡಿದಳು.

"ಥೂ, ಇದೇನು... ಪಾತ್ರೆ ಮಾರ್ತಿದೀಯಾ? ಬೇಡ್ಕ ಅವ್ನ. ಅವ್ನು... ರಾಜ."

ಮುದ್ದಕ್ಕ ಒಳಗಿನಿಂದ ಬಂದು ಬಾಗಿಲಿಗೆ ಒರಗಿದಳು. ದಾಕ್ಷಾಯಣಮ್ಮನಿಗೆ ಸಿಟ್ಟು ಬಂತು, ಬೆವರು ಬಂತು, ಕೂದಲು ಬಿಚ್ಚಿಹೋಯಿತು. ಬೊಮ್ಮಪ್ಪನಿಗೆ ಅವಳು ಮಾಡುವುದು ಯಾವುದೂ ಸೇರಲಿಲ್ಲ. ಕೈ ಎತ್ತಿದ್ದು ತಪ್ಪು, ಇಳಿಸಿದ್ದು ತಪ್ಪು, ಉಸಿರು ಬಿಟ್ಟ ಜಾಗ ತಪ್ಪು. ಅಷ್ಟು ಮಾತನ್ನು ಅವನು ಆಸ್ಪತ್ರೆಯಿಂದ ಬಂದ ಮೇಲೆ ಆಡಿರಲಿಲ್ಲವೆಂದು ಮುದ್ದಕ್ಕನಿಗೆ ಮಾತ್ರ ಗೊತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ದಾಕ್ಷಾಯಣಮ್ಮ ಗೂಟದ ಮುಂದೆ ನೆಟ್ಟಗೆ ನಿಂತು, ಎರಡೂ ಕೈ ಜೋಡಿಸಿ, ಅದು ಸರಿಯಲಿಲ್ಲವೆಂದು ನಿಜವಾಗಿ ನೊಂದುಕೊಳ್ಳುತ್ತಿದ್ದಾಗ, ಬೀದಿಯಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಿಂತ. ಮೇಲಿಂದ ಕೆಳಗೆ ನೋಡಿದ.

"ಯಾರ ಮನೆ ಹೆಂಗ್ಸಮ್ಮ ಇವ್ಳು? ಇಷ್ಟೊತ್ಗೇ ಏರಿಸ್ಕಂಡು ಬಂದವ್ಳೆ, ಥೂ, ಕಾಲ ಕೆಟ್ಟೋಯ್ತು," ಎಂದು ಉಗಿದು ಹೊರಟುಹೋದ.

ದಾಕ್ಷಾಯಣಮ್ಮ ಕೈ ಇಳಿಸಿ ಜಗಲಿಯ ಕಡೆ ನೋಡಿದಳು.

"ನಿಲ್ಲಿಸ್ಬ್ಯಾಡ," ಎಂದ ಬೊಮ್ಮಪ್ಪ. "ಬಾವಿದು... ಮಾಡು."